ಟೂತ್‌ಪೇಸ್ಟ್‌ನಲ್ಲಿ ಒಡವೆ ತೊಳೆಯಬಹುದಾ? ಒಂದು ಸ್ಪಷ್ಟನೆ

‘ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಚಿನ್ನ, ವಜ್ರ, ಮುತ್ತು ಎಲ್ಲಾ ಹೊಸದರಂತೆ ಹೊಳೆಯುತ್ತೆ’ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇದು ತಪ್ಪು.

ಪೇಸ್ಟ್‌ನಲ್ಲಿ ಹಲ್ಲಿನ ಕೊಳೆ ಕೆರೆಯಲು ಸಿಲಿಕಾದಂಥ ನುಣ್ಣನೆಯ ಪುಡಿ ಇರುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಅದನ್ನು ತಡೆದುಕೊಳ್ಳುತ್ತದೆ. ವಸ್ತುಗಳ ಗಡಸುತನ ಅಳೆಯುವ ‘ಮೋಸ್’ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಎನಾಮಲ್ ಸುಮಾರು 5, ಅಪ್ಪಟ ಚಿನ್ನ ಬರೀ 2.5. ಉಜ್ಜಿದ ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕೂದಲೆಳೆಯಂಥ ಗೀರುಗಳು ಕಾಣಬಹುದು. ವಜ್ರಕ್ಕೇನೂ ಆಗಲ್ಲ ನಿಜ, ಆದರೆ ಅದನ್ನು ಹಿಡಿದಿರುವ ಚಿನ್ನದ ಕೊಕ್ಕೆಗಳು ಸವೆಯುತ್ತವೆ. ಹೊಳಪು ಬಂದದ್ದು ಜಿಡ್ಡು ಹೋದದ್ದರಿಂದ. ಅದಕ್ಕೆ ಸೋಪಿನ ನೀರೇ ಸಾಕಿತ್ತಲ್ವಾ?

ಚಿನ್ನ, ವಜ್ರಕ್ಕೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಕಾಲು ಗಂಟೆ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಹರಳಿನ ಹಿಂಬದಿ ತಿಕ್ಕಿ. ಜಿಡ್ಡು ಜಾಸ್ತಿ ಕೂರುವುದು ಅಲ್ಲೇ. ತೊಳೆಯುವಾಗ ಸಿಂಕಿನ ತೂತು ಮುಚ್ಚಿರಲಿ!

ಮುತ್ತನ್ನು ಮಾತ್ರ ನೆನೆಸಬೇಡಿ. ದಾರ ಸಡಿಲವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ವಿನೆಗರ್ ಅಂತೂ ಬೇಡವೇ ಬೇಡ, ಆಮ್ಲ ಮುತ್ತಿನ ಮೈಯನ್ನೇ ಕರಗಿಸುತ್ತದೆ. ಪಚ್ಚೆಯನ್ನೂ ನೆನೆಸದಿರುವುದು ಒಳ್ಳೆಯದು. ಅದರ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ.