ದಾಳಿಂಬೆ ಕೆಂಪಗಿದೆ, ಅಷ್ಟೇ

ಬಸುರಿಯ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ಒಂಬತ್ತು ಗ್ರಾಂಗೆ ಇಳಿದಿದೆ ಅಂತ ಗೊತ್ತಾದ ಕೂಡಲೇ ಮನೆಯವರು ಓಡೋದು ಹಣ್ಣಿನಂಗಡಿಗೆ. ಒಂದು ಕೆಜಿ ದಾಳಿಂಬೆ, ಎರಡು ಕೆಜಿ ಬೀಟ್‌ರೂಟ್. ಕೆಂಪಗಿರೋದು ತಿಂದರೆ ರಕ್ತ ಆಗುತ್ತೆ ಅನ್ನೋ ಲೆಕ್ಕ. ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ಬೀಟ್‌ರೂಟ್‌ನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಇನ್ನೂ ಕಡಿಮೆ. ತಿನ್ನಬೇಡಿ ಅಂತಲ್ಲ. ಆದರೆ ಅದೇ ಮನೆಯ ಫ್ರಿಜ್ ಮೇಲೆ ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆ ಶೀಟು ಬಿಚ್ಚದೇ ಬಿದ್ದಿರುತ್ತೆ. ಅದರ ಒಂದೊಂದು ಮಾತ್ರೆಯಲ್ಲೂ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್.

ಮಾತ್ರೆ ನುಂಗಿದರೂ ಏರ್ತಿಲ್ಲ ಅನ್ನೋರೂ ಇದ್ದಾರೆ. ಅವರನ್ನ ಏನು ತಿಂತೀರಿ ಅಂತ ಕೇಳೋಕೆ ಮುಂಚೆ ಯಾವಾಗ ನುಂಗ್ತೀರಿ ಅಂತ ಕೇಳಬೇಕು. ತಿಂಡಿ ಆಯ್ತು, ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆ ಒಟ್ಟಿಗೇ ಬಾಯಿಗೆ, ಮೇಲೆ ಒಂದು ಲೋಟ ಕಾಫಿ. ಕ್ಯಾಲ್ಸಿಯಂ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ, ಕಾಫಿಯ ಒಗರು ಅದನ್ನ ಕಟ್ಟಿಹಾಕುತ್ತೆ. ಟೀ ಆದರೆ ಇನ್ನೂ ಜಾಸ್ತಿ. ಕ್ಯಾಲ್ಸಿಯಂ ಮಾತ್ರೆ ತಿಂಡಿ, ಊಟದ ಜೊತೆಗಿರಲಿ. ಕಬ್ಬಿಣದ್ದು ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಹಾಲಿನ ಜೊತೆ ಬೇಡವೇ ಬೇಡ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ.

ಮಾತ್ರೆಯಿಂದ ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಊಟವಾದ ಮೇಲೇ ನುಂಗಿ. ಕಡಿಮೆ ಹತ್ತುತ್ತೆ ನಿಜ, ಬಿಟ್ಟುಬಿಡೋದಕ್ಕಿಂತ ವಾಸಿ. ಮಲಬದ್ಧತೆಗೆ ನೀರು, ಸೊಪ್ಪು, ದಿನಕ್ಕೊಂದು ಸೀಬೆಹಣ್ಣು. ರಕ್ತಹೀನತೆಗೆ ಅಂತ ಡಾಕ್ಟರು ಹೇಳಿದಷ್ಟು ಮಾತ್ರೆ ಸರಿಯಾಗಿ ತಗೊಂಡರೂ ತಿಂಗಳಲ್ಲಿ ಎಚ್‌ಬಿ ಒಂದು ಗ್ರಾಂ ಏರದಿದ್ದರೆ ವಾಪಸ್ ಆಸ್ಪತ್ರೆಗೇ ಹೋಗಬೇಕು, ಇನ್ನೊಂದು ಟಾನಿಕ್ ಬಾಟಲಿಗಲ್ಲ. ಏಳಕ್ಕಿಂತ ಕೆಳಗಿದ್ದರೆ ಅದು ಅಡುಗೆಮನೆಯಲ್ಲಿ ಸರಿಹೋಗೋ ವಿಷಯವೇ ಅಲ್ಲ.

ರಾಗಿ ಬಗ್ಗೆ ಹೇಳಿದರೆ ಬೈಗುಳ ತಿನ್ನಬೇಕಾಗುತ್ತೆ, ಇರಲಿ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ: 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ. ಕಬ್ಬಿಣ ಇರೋದು ನಾಲ್ಕೂವರೆ ಚಿಲ್ಲರೆ, ಅದೂ ಸುಲಭವಾಗಿ ಬಿಟ್ಟುಕೊಡಲ್ಲ. ಮೊಳಕೆ ಕಟ್ಟಿದರೆ ಸ್ವಲ್ಪ ಬಿಡುತ್ತೆ. ಕಬ್ಬಿಣಕ್ಕೆ ಹುರುಳಿಕಾಳು ವಾಸಿ, 100 ಗ್ರಾಂಗೆ ಎಂಟು ಮಿಲಿಗ್ರಾಂ ದಾಟುತ್ತೆ. ಸಂಜೆ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತೆ. ಉಸ್ಲಿ ಮಾಡಿ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಬೇಕು. ಕುದಿಯುವಾಗಲೇ ಹಿಂಡಿದರೆ ಹುಳಿ ಉಳಿಯುತ್ತೆ, ಕಬ್ಬಿಣ ಹತ್ತಿಸೋ ವಿಟಮಿನ್ ಸಿ ಹಾಳಾಗುತ್ತೆ. ಹುರುಳಿ ಉಷ್ಣ ಅಂತ ಅತ್ತೆ ಒಪ್ಪದಿದ್ದರೆ ಜಗಳ ಬೇಡ, ಅಲಸಂದೆ, ಹೆಸರುಕಾಳು ಇದೆಯಲ್ಲ. ಮೀನು, ಕೋಳಿ, ಮಟನ್ ತಿನ್ನೋರಿಗೆ ಒಂದು ಲಾಭ: ಎರಡು ತುಂಡು ತಟ್ಟೆಯಲ್ಲಿದ್ದರೂ ಪಕ್ಕದ ಕಾಳು, ಸೊಪ್ಪಿನ ಕಬ್ಬಿಣವೂ ಹೆಚ್ಚು ಹತ್ತುತ್ತೆ.

ನನ್ನ ಕೇಳಿದರೆ ಬಸ್ಸಾರಿನಷ್ಟು ಜಾಣ ಅಡುಗೆ ಇಲ್ಲ. ದಂಟಿನಸೊಪ್ಪು, ಕಾಳು ಬೇಯಿಸಿದ ನೀರಿಗೆ ಇಳಿದ ಫೋಲೇಟ್ (ಮಾತ್ರೆಯ ಫೋಲಿಕ್ ಆಸಿಡ್‌ನದೇ ಜಾತಿಯ ವಿಟಮಿನ್) ಚರಂಡಿಗೆ ಹೋಗದೆ ಸಾರಿಗೇ ಹೋಗುತ್ತೆ.

ಇನ್ನು ಇಬ್ಬರ ಊಟ ಮಾಡು ಅನ್ನೋ ಮಾತು. ಹೆಚ್ಚುವರಿ ಬೇಕಿರೋದು ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಶೇಂಗಾ, ಅಷ್ಟಕ್ಕೆ ಲೆಕ್ಕ ಮುಗೀತು. ಎರಡನೇ ಸಲ ಅನ್ನ ಬಡಿಸಿದರೆ ಕ್ಯಾಲೊರಿ ಬರುತ್ತೆ, ಬೇಕಾದ ಪ್ರೋಟೀನ್ ಬರಲ್ಲ. 2017ರಲ್ಲಿ ರಾಜ್ಯದಲ್ಲಿ ಶುರುವಾದ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡೋ ಮಾತೃಪೂರ್ಣ ಊಟ ನೋಡಿ: ಅನ್ನ ಸಾಂಬಾರಿನ ಜೊತೆ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಅದು ಬಡವರ ಊಟ ಅಂತ ಮೂಗು ಮುರಿಯೋರು ಆ ತಟ್ಟೆಯನ್ನ ಒಮ್ಮೆ ಸರಿಯಾಗಿ ನೋಡಬೇಕು. ಅಂಗನವಾಡಿಗೆ ಬಂದೇ ಊಟ ಮಾಡಬೇಕು ಅನ್ನೋದಕ್ಕೂ ಅರ್ಥ ಇದೆ. ಮನೆಗೆ ಒಯ್ದರೆ ಮೊಟ್ಟೆ ದೊಡ್ಡ ಮಗನಿಗೆ, ಚಿಕ್ಕಿ ಚಿಕ್ಕವಳಿಗೆ, ಹಾಲು ಎಲ್ಲರ ಟೀಗೆ.