ಅಂಟು ಒಣಗುವವರೆಗೆ ಮುಟ್ಟಬೇಡಿ

ಪುಸ್ತಕ ಕಟ್ಟುವುದು ಮನಸ್ಸಿಗೆ ಶಾಂತಿ ಕೊಡುವ ಹವ್ಯಾಸ ಅನ್ನುವವರು ಬರೀ ವಿಡಿಯೋ ನೋಡಿರುತ್ತಾರೆ, ಅಷ್ಟೇ. ವಿಡಿಯೋದಲ್ಲಿ ಎರಡು ಕೈ ಮಾತ್ರ ಕಾಣುತ್ತವೆ. ಆ ಕೈಗಳಿಗೆ ಮನೆಯಿಲ್ಲ, ಮಕ್ಕಳಿಲ್ಲ, ತಲೆಯ ಮೇಲೆ ಫ್ಯಾನ್ ಇಲ್ಲ. ತಮ್ಮ ಪಾಡಿಗೆ ಹಾಳೆ ಮಡಿಸುತ್ತವೆ, ಹೊಲಿಯುತ್ತವೆ, ಅಂಟು ಸವರುತ್ತವೆ. ಹಿಂದೆ ಯಾರೋ ಪಿಯಾನೋ ನುಡಿಸುತ್ತಿರುತ್ತಾರೆ. ಹತ್ತು ನಿಮಿಷದಲ್ಲಿ ಪುಸ್ತಕ ರೆಡಿ. ನಮ್ಮ ಮನೆಯಲ್ಲಿ ಅಂಟು ಸವರಿದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ಗಳಿಗೆಗೇ ಬಾಗಿಲ ಬೆಲ್ ಆಗುತ್ತದೆ. ಮೂಗು ಕೆರೆಯುವುದೂ ಆಗಲೇ.

ಮೊದಲು ಹಾಳೆಯ ವಿಷಯಕ್ಕೆ ಬರೋಣ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತದೆ. ಆ ದಿಕ್ಕಿಗೆ ಮಡಿಸಿದರೆ ಕಾಗದ ಸುಮ್ನೆ ಮಡಿಸಿಕೊಳ್ಳುತ್ತದೆ. ಅದಕ್ಕೆ ಅಡ್ಡ ಮಡಿಸಿದರೆ ತಕರಾರು ತೆಗೆಯುತ್ತದೆ, ಮಡಿಕೆಯ ಅಂಚು ಒರಟಾಗಿ ಬಿರುಕು ಬಿಡುತ್ತದೆ. ಹಾಗಾಗಿ ಪುಸ್ತಕದ ಬೆನ್ನು ಯಾವ ದಿಕ್ಕಿಗೋ ನಾರೂ ಅದೇ ದಿಕ್ಕಿಗೆ ಇರಬೇಕು. ಬೈಂಡಿಂಗ್ ಕಲಿಯುವವರಿಗೆ ಮೊದಲ ಪಾಠ ಇದು.

ಈಗ ತಮಾಷೆ ನೋಡಿ. ಪ್ರಿಂಟರ್‌ಗೆ ಹಾಕುವ ಎ4 ಹಾಳೆಗಳಲ್ಲಿ ಹೆಚ್ಚಿನವುಗಳ ನಾರು ಉದ್ದಕ್ಕೆ ಓಡುತ್ತದೆ, ಅಂದರೆ 297 ಮಿಲಿಮೀಟರ್ ಇರುವ ಕಡೆಗೆ. ಅದನ್ನು ಅರ್ಧಕ್ಕೆ ಮಡಿಸಿ ಎ5 ಪುಸ್ತಕ ಮಾಡಿದರೆ ಮಡಿಕೆ ಸರಿಯಾಗಿ ನಾರಿಗೆ ಅಡ್ಡ ಬೀಳುತ್ತದೆ. ಮೊದಲ ಮಡಿಕೆಯಲ್ಲೇ ಮೊದಲ ಪಾಠ ಫೇಲ್! ಪುಸ್ತಕ ತೆರೆದಿಟ್ಟರೆ ಪುಟಗಳು ಮಲಗುವುದೇ ಇಲ್ಲ, ಸೆಟೆದು ನಿಲ್ಲುತ್ತವೆ. ಎ4 ಅಳತೆ ಗೊತ್ತುಮಾಡಿದವರ ಬುದ್ಧಿಗೆ ಮೆಚ್ಚಬೇಕು, ಅದು ಬೇರೆ ಮಾತು. ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಕೆಡುವುದಿಲ್ಲ. 1922ರಲ್ಲಿ ಜರ್ಮನಿಯಲ್ಲಿ ಜಾರಿಗೆ ಬಂದ ಲೆಕ್ಕ ಅದು. ಆಕಾರಕ್ಕೆ ಅಷ್ಟು ತಲೆ ಕೆಡಿಸಿಕೊಂಡವರು ನಾರಿಗೂ ಒಂದು ದಾರಿ ತೋರಿಸಿ ಹೋಗಬಹುದಿತ್ತು.

ದಾರಿ ಇಲ್ಲ ಅಂತಲ್ಲ. ಉದ್ದಕ್ಕೆ ನಾರಿರುವ ಎ3 ಹಾಳೆ ತಂದು ನಡುವೆ ಕತ್ತರಿಸಿದರೆ ಎರಡು ಎ4 ಸಿಗುತ್ತವೆ. ಅವುಗಳಲ್ಲಿ ನಾರು ಅಗಲಕ್ಕೆ ಬಂದಿರುತ್ತದೆ, ಮಡಿಕೆಗೆ ಸರಿಹೋಗುತ್ತದೆ. ನಾರಿನ ದಿಕ್ಕು ತಿಳಿಯಲು ಹಾಳೆಯನ್ನು ಮೆಲ್ಲಗೆ ಬಾಗಿಸಿ ನೋಡಬೇಕು. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಕಡೆಗೆ. ಇದನ್ನು ಕಲಿತ ಮೇಲೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಬಾಗಿಸಿ ನೋಡುವ ಚಾಳಿ ಹತ್ತಿಕೊಂಡುಬಿಟ್ಟಿತು. ನನ್ನವರು ಒಂದು ದಿನ ಇನ್ಶೂರೆನ್ಸ್ ಪೇಪರ್ ತಂದು ಕೊಟ್ಟು, "ಇದನ್ನೊಂದು ನೋಡು, ಏನಾದ್ರೂ ತೊಂದರೆ ಇದೆಯಾ ಹೇಳು" ಅಂದರು.

"ಅಡ್ಡ ನಾರು" ಅಂದೆ.

ಅಂದಿನಿಂದ ಅವರು ಮುಖ್ಯವಾದ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಯೇ ನನಗೆ ತೋರಿಸುವುದು.

ನಾರಿನ ಜೊತೆ ಹೇಗೋ ರಾಜಿ ಆಗಬಹುದು. ಪ್ರಿಂಟರ್ ಜೊತೆ ಆಗುವುದಿಲ್ಲ. ಅಕ್ಕನ ಮಗಳು ಒಂದು ಕಥೆ ಬರೆದು ತಾನೇ ಚಿತ್ರ ಬಿಡಿಸಿದ್ದಳು. ಒಟ್ಟು 16 ಪುಟ. ಸಣ್ಣ ಪುಸ್ತಕ ಮಾಡಿಕೊಡೋಣ ಅಂತ ಹೊರಟೆ. ಪುಟಗಳನ್ನು 1, 2, 3 ಅಂತ ಸಾಲಾಗಿ ಪ್ರಿಂಟ್ ಮಾಡಿದರೆ ಆಗುವುದಿಲ್ಲ. ನಾಲ್ಕು ಹಾಳೆ ಒಂದರೊಳಗೊಂದು ಮಡಿಸಿ ಕೂರುವುದರಿಂದ, ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಮಗ್ಗುಲಿಗೆ 16 ಮತ್ತು 1 ಬರಬೇಕು, ಅದರ ಹಿಂದೆ 2 ಮತ್ತು 15. ಪಕ್ಕಪಕ್ಕದ ಎರಡು ಪುಟ ಕೂಡಿದರೆ ಯಾವಾಗಲೂ 17 ಸಿಗಬೇಕು. ಈ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದು, ಮಗನ ಕೈಯಲ್ಲಿ ಕೂಡಿಸಿ, ಮತ್ತೆ ನಾನೂ ಕೂಡಿ ನೋಡಿ, ಪ್ರಿಂಟ್ ಕೊಟ್ಟೆ.

ಪ್ರಿಂಟರ್ ಒಂದೇ ಒಂದು ಪ್ರಶ್ನೆ ಕೇಳುತ್ತದೆ: ಹಾಳೆಯನ್ನು ಉದ್ದ ಅಂಚಿಗೆ ತಿರುಗಿಸಲಾ, ಗಿಡ್ಡ ಅಂಚಿಗೆ ತಿರುಗಿಸಲಾ? ಇಂಥ ಪುಸ್ತಕಕ್ಕೆ ಗಿಡ್ಡ ಅಂಚು. ಹಾಗೇ ಒತ್ತಿದೆ. ಅದು ಹೂಂ ಅಂತ ಒಪ್ಪಿಕೊಂಡು, ನಡುವೆ ಒಮ್ಮೆ ಹಾಳೆ ಸಿಕ್ಕಿಹಾಕಿಕೊಂಡಿತು ಅಂತ ನಿಂತು, ಮತ್ತೆ ಶುರುವಾಗುವಾಗ ಹಳೇ ಮಾತನ್ನೆಲ್ಲ ಮರೆತು ಉದ್ದ ಅಂಚಿಗೇ ತಿರುಗಿಸಿತು. ನನಗೆ ಗೊತ್ತಾಗಿದ್ದು ಹೊಲಿದು ಮುಗಿದ ಮೇಲೆ. ಮೊದಲ ಪುಟದಲ್ಲಿ ರಾಜಕುಮಾರಿ ಆನೆ ಹತ್ತುತ್ತಾಳೆ. ತಿರುಗಿಸಿದರೆ ನೇರ 15ನೇ ಪುಟ, ಅದೂ ತಲೆಕೆಳಗಾಗಿ. ಆನೆ ರಾಜಕುಮಾರಿಯ ಮೇಲೆ ಕೂತಿದೆ. ಯುದ್ಧ ಮುಗಿದು ರಾಜ್ಯವೂ ಸಿಕ್ಕಾಗಿದೆ.

"ಚಿಕ್ಕಮ್ಮಾ, ಇದು ನಾನು ಬರೆದಿದ್ದಕ್ಕಿಂತ ಚೆನ್ನಾಗಿದೆ!" ಅಂದಳು ಹುಡುಗಿ.

ಅವಳಾದರೆ ಮಗು. ಮನೆಗೆ ಬಂದ ದೊಡ್ಡವರೂ ಅದನ್ನೇ ಹಿಡಿದು ಕೂತರು. ಓದುವವರೇ ಪುಸ್ತಕ ತಿರುಗಿಸಿಕೊಳ್ಳುತ್ತಾ ಹೋಗುವ ಹೊಸ ಪ್ರಯೋಗವಂತೆ. ಆಮೇಲೆ ಎಲ್ಲ ಸರಿಮಾಡಿ ಇನ್ನೊಂದು ಪ್ರತಿ ಕಟ್ಟಿ ಪಕ್ಕದಲ್ಲೇ ಇಟ್ಟಿದ್ದೆ. ಒಬ್ಬರೂ ಅದನ್ನು ಎತ್ತಿ ನೋಡಲಿಲ್ಲ. ಕೈಕೆಲಸದ ಲೋಕದಲ್ಲಿ ಹೊಗಳಿಕೆ ಎಲ್ಲಿಂದ ಹುಟ್ಟುತ್ತದೆ ಅನ್ನುವ ಅನುಮಾನ ನನಗೆ ಶುರುವಾದದ್ದು ಅಲ್ಲಿಂದ.

ಮುಖಪುಟಕ್ಕೂ ಪ್ರಿಂಟರ್ ಬೇಕಲ್ಲ. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದರೆ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಮನೆಯ ಇಂಕ್‌ಜೆಟ್‌ಗಳ ಬಣ್ಣ ಹೆಚ್ಚಾಗಿ ನೀರಿಗೆ ಹರಡುವಂಥದ್ದು. ಒದ್ದೆ ಅಂಟು ತಾಗಿದ ಕೂಡಲೇ ನೀಲಿ ಆಕಾಶ ಜಾರಿ ಗುಡ್ಡದ ಮೇಲೆ ಬೀಳುತ್ತದೆ. ಲೇಸರ್ ಪ್ರಿಂಟ್ ನೀರಿಗೆ ಹೆದರುವುದಿಲ್ಲ. ಅದರಲ್ಲಿರುವ ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಮಡಿಕೆ ಕಂಡರೆ ಆಗುವುದಿಲ್ಲ. ಬೆನ್ನಿನ ಅಂಚಿನಲ್ಲಿ ಬಿಳಿ ಗೆರೆ ಬಿಟ್ಟು ಉದುರುತ್ತದೆ.

ಬೇಡಪ್ಪ ಈ ಯಂತ್ರಗಳ ಸಹವಾಸ ಅಂತ ಲೈನೋ ಕೆತ್ತಲು ಕೂತೆ, ಅಂದರೆ ಚಿತ್ರ ಕೆತ್ತಿ ಶಾಯಿ ಹಚ್ಚಿ ಕಾಗದದ ಮೇಲೆ ಅಚ್ಚೊತ್ತುವ ಮೆತ್ತನೆಯ ಹಾಸು. ಲೈನೋ ಹುಟ್ಟಿದ್ದು ನೆಲಕ್ಕೆ ಹಾಸುವ ಹಾಸಾಗಿ. ಫ್ರೆಡರಿಕ್ ವಾಲ್ಟನ್ ಅನ್ನುವವರು ಅಗಸೆ ಎಣ್ಣೆಯಿಂದ ಅದನ್ನು ಮಾಡುವ ವಿಧಾನಕ್ಕೆ 1863ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಕಲಾವಿದರ ಕಣ್ಣು ಅದರ ಮೇಲೆ ಬಿತ್ತು. ಸ್ವಲ್ಪ ಬಿಸಿ ಮಾಡಿದರೆ ಉಳಿ ಮೆತ್ತಗೆ ಇಳಿಯುತ್ತದೆ. ಅಕ್ಷರ ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕೆತ್ತಬೇಕು. ದೀರ್ಘ ಎಡಕ್ಕೆ, ಕೊಂಬು ಎಡಕ್ಕೆ, ಒತ್ತಕ್ಷರವೂ ಎಡಕ್ಕೆ. ಒಂದು ಗಂಟೆ ಹೀಗೆ ಕೆತ್ತಿದ ಮೇಲೆ ಸಹಿ ಮಾಡಬೇಕಾಗಿ ಬಂತು ಅಂದರೆ ನಮ್ಮ ಹೆಸರು ನಮಗೇ ಗುರುತು ಸಿಗುವುದಿಲ್ಲ.

ಒಂದೇ ಬಣ್ಣವಾದರೆ ಹೇಗೋ ನಡೆಯುತ್ತದೆ. ಎರಡನೇ ಬಣ್ಣ ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಬೇಕು ಅಂದಾಗ ಫಜೀತಿ. ಗುಲಾಬಿ ಹೂವಿನ ಕೆಂಪು ಪಕ್ಕದ ಎಲೆಗೆ ಹೋಗಿ ಕೂರುತ್ತದೆ. ಇದರಲ್ಲಿ ನನಗೆ ಒಳ್ಳೆಯ ಜೊತೆ ಇದೆ. 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದ ಗುಟೆನ್‌ಬರ್ಗ್ ಶುರುವಿನಲ್ಲಿ ಶೀರ್ಷಿಕೆಗಳನ್ನು ಕೆಂಪು ಶಾಯಿಯಲ್ಲಿ ಅಚ್ಚು ಮಾಡಿ ನೋಡಿ, ಕೆಲವು ಪುಟಕ್ಕೇ ಕೈಬಿಟ್ಟರು. ಮಿಕ್ಕ ಪುಟಗಳಿಗೆ ಕೆಂಪು ಅಕ್ಷರ ಕೈಯಲ್ಲೇ ಬರೆಸಬೇಕಾಯಿತು. ಅಷ್ಟೇ ಅಲ್ಲ, ಪುಟಕ್ಕೆ 40 ಸಾಲಿನಂತೆ ಶುರು ಮಾಡಿ, ನಡುವೆ ಮನಸ್ಸು ಬದಲಾಯಿಸಿ 42 ಮಾಡಿದರು. ನಾನು ಹೀಗೆ ಮಾಡಿದರೆ ಮಗ ಕೇಳುತ್ತಾನೆ: "ಅಮ್ಮಾ, ನೀನು ಮೊದಲೇ ಪ್ಲಾನ್ ಮಾಡ್ಕೊಳ್ಳಲ್ವಾ?"

ಹೊಲಿಗೆಯ ಬಗ್ಗೆ ನನ್ನದೇನೂ ದೂರಿಲ್ಲ. ದಬ್ಬಳದಲ್ಲಿ ತೂತು ಮಾಡಿ, ಮೇಣ ಹಚ್ಚಿದ ದಾರ ಪೋಣಿಸಿಕೊಂಡು ಕೂತರೆ ಅದೊಂದೇ ಹೇಳಿದ ಮಾತು ಕೇಳುವ ಕೆಲಸ. ಪುಸ್ತಕದ ಎತ್ತರವನ್ನು ಕಂತೆಗಳ, ಅಂದರೆ ಒಂದರೊಳಗೊಂದು ಮಡಿಸಿಟ್ಟ ಹಾಳೆಗಳ ಗುಂಪುಗಳ, ಸಂಖ್ಯೆಯಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿದರೆ ದಾರದ ಅಳತೆ. ದಪ್ಪ ದಾರ ತೆಗೆದುಕೊಂಡರೆ ಬೆನ್ನು ಊದಿಕೊಳ್ಳುತ್ತದೆ, ಇನ್ನೊಂದು ಅಂಚು ತೆಳ್ಳಗೇ ಉಳಿಯುತ್ತದೆ. ಅಂಥ ಪುಸ್ತಕ ಕಪಾಟಿನಲ್ಲಿ ನೇರ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಬಾಗಿಲು ಬಡಿದುಕೊಳ್ಳದಂತೆ ಸಂದಿಗೆ ಕೊಡಲು ಅದು ಹೇಳಿ ಮಾಡಿಸಿದ ಹಾಗಿದೆ.

ಇನ್ನು ಅಂಟು. ಮನೆಯ ನೆಮ್ಮದಿ ಕೆಡುವುದು ಇಲ್ಲಿಂದ. ಬಿಳಿಯ ಪಿವಿಎ ಅಂಟು ಬೇಗ ಕಚ್ಚುತ್ತದೆ, ಕಚ್ಚಿದರೆ ಬಿಡುವುದಿಲ್ಲ. ಮೈದಾ ಬೇಯಿಸಿ ಮಾಡಿದ ಅಂಟು ನಿಧಾನಸ್ಥ. ಹಾಳೆ ಸೊಟ್ಟ ಕೂತರೆ ಎಳೆದು ಸರಿಮಾಡಲು ಸಮಯ ಕೊಡುತ್ತದೆ. ಆದರೆ ಅದರಲ್ಲಿ ನೀರು ಜಾಸ್ತಿ. ನೀರು ಕುಡಿದ ಕಾಗದ ಹಿಗ್ಗುತ್ತದೆ, ಅದೂ ನಾರಿಗೆ ಅಡ್ಡ ದಿಕ್ಕಿನಲ್ಲೇ ಜಾಸ್ತಿ. ಒಣಗುವಾಗ ಕುಗ್ಗುತ್ತಾ ಕುಗ್ಗುತ್ತಾ ಕೆಳಗಿನ ರಟ್ಟನ್ನೂ ತನ್ನ ಜೊತೆ ಎಳೆಯುತ್ತದೆ. 2 ಮಿಲಿಮೀಟರ್ ದಪ್ಪದ ರಟ್ಟು ಇಷ್ಟು ತೆಳ್ಳಗಿನ ಕಾಗದಕ್ಕೆ ಬಾಗುತ್ತದಾ ಅಂತ ಅನುಮಾನವಿದ್ದರೆ ರಾತ್ರಿ ಅಂಟಿಸಿ ಬೆಳಿಗ್ಗೆ ನೋಡಿ. ತೊಟ್ಟಿಲಾಗಿರುತ್ತದೆ. ರಟ್ಟಿನ ಒಳಮೈಗೂ ಒಂದು ಕಾಗದ ಅಂಟಿಸಿದರೆ ಅದು ಆ ಕಡೆಗೆ ಎಳೆದು ಸಮ ಮಾಡುತ್ತದೆ. ಜೊತೆಗೆ, ಒಣಗುವ ತನಕ ಮೇಲೊಂದು ಭಾರ ಬೇಕೇ ಬೇಕು.

ಮನೆಯಲ್ಲಿರುವ ಭಾರದ ವಸ್ತುಗಳೆಲ್ಲ ನನ್ನ ಕೋಣೆಗೆ ಬಂದದ್ದು ಹೀಗೆ. ಇಸ್ತ್ರಿಪೆಟ್ಟಿಗೆ, ನಿಘಂಟು, ಹೊಲಿಗೆ ಯಂತ್ರದ ತಲೆ. ಬೆಳಿಗ್ಗೆ ಏನಾದರೂ ಕಾಣದಿದ್ದರೆ ಎಲ್ಲರೂ ನೆಟ್ಟಗೆ ಅಲ್ಲಿಗೇ ಬರುತ್ತಾರೆ. ಯಾವುದಕ್ಕೂ ಇಲ್ಲ ಅನ್ನದೆ, ಕೇಳುವ ಮೊದಲೇ ಸಂತೋಷದಿಂದ ಕೊಟ್ಟವರು ನನ್ನವರು ಮಾತ್ರ. ಕೊಟ್ಟದ್ದು ಅವರ ಡಂಬೆಲ್. ನಿಲ್ಲಿಸಿ ಇಟ್ಟರೆ ಚೆನ್ನಾಗಿಯೇ ಒತ್ತುತ್ತದೆ. ಆದರೆ ಒದ್ದೆ ರಟ್ಟಿನ ಮೇಲೆ ಅದರ ತಳದ ದುಂಡು ಅಂಚು ಇಳಿದು, ಮುಖಪುಟದ ಬಲಮೂಲೆಯಲ್ಲಿ ಅಚ್ಚುಕಟ್ಟಾದ ಒಂದು ವೃತ್ತ ಮೂಡಿತು.

ಅದೇ ಸಲ ಇನ್ನೊಂದು ನೋಟ್‌ಬುಕ್ಕಿನಲ್ಲಿ ಅಂಟು ಅಂಚು ದಾಟಿ ಒಳಗಿನ ಪುಟಗಳಿಗೆಲ್ಲ ಹರಿದಿತ್ತು. ಇಂಥ ಜಾಗದಲ್ಲಿ ಮೇಣದ ಕಾಗದ ಇಡುತ್ತಾರೆ. ನಾನೂ ಇಟ್ಟಿದ್ದೆ. ಬಾಣ ಮಾಡಿ ಹಾರಿಸಲು ಅದೇ ಸರಿ ಅಂತ ಮಗ ಎಳೆದುಕೊಂಡು ಹೋಗಿದ್ದ. ಬೆಳಿಗ್ಗೆ ಎಷ್ಟು ಬಿಡಿಸಿದರೂ ಪುಸ್ತಕ ಬಾಯಿ ತೆರೆಯಲಿಲ್ಲ.

"ಇರಲಿ ಬಿಡು, ಓದುವ ಕಷ್ಟ ತಪ್ಪಿತು" ಅಂದರು ನನ್ನವರು.

ಕತ್ತರಿಸಿ ಉಳಿದ ಪಟ್ಟಿಗಳು, ತಲೆಕೆಳಗಾದ ಆನೆಗಳು, ಹಳೇ ಬಿಲ್ಲುಗಳು ಸೇರಿ ಒಂದು ಮೂಟೆ ಆದಾಗ ಅದರಿಂದಲೇ ಹೊಸ ಕಾಗದ ಮಾಡಬಹುದಲ್ವಾ ಅನ್ನಿಸಿತು. ಹರಿದು ನೆನೆಹಾಕಿ ಮಿಕ್ಸಿಯಲ್ಲಿ ರುಬ್ಬಬೇಕು. ಆ ನೀರಿನಿಂದ ಜಾಲರಿ ಚೌಕಟ್ಟಿನಲ್ಲಿ ತೆಳ್ಳಗೆ ಎತ್ತಿ, ಬಟ್ಟೆಯ ಮೇಲೆ ಕವುಚಿ ಒಣಗಿಸಬೇಕು. ಅತ್ತೆ ಮಿಕ್ಸಿ ಜಾರಿನ ಒಳಗೆ ಇಣುಕಿ, ಏನೂ ಮಾತಾಡದೆ ತಮ್ಮ ಜಾರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.

ಕಾಗದವೇನೋ ಬಂತು, ಬೂದು ಬಣ್ಣದ್ದು. ಅದರ ಮೇಲೆ ಪೆನ್ ಇಟ್ಟರೆ ಶಾಯಿ ನಾಲ್ಕೂ ಕಡೆ ಹರಡುತ್ತದೆ. ಅದು ಹರಡದಿರಲು ಗಂಜಿಯನ್ನೋ ಜೆಲಟಿನ್ನನ್ನೋ ಸವರಬೇಕು. ಗಂಜಿ ಸವರಿ, ಒಣಗಿಸಿ, ಅಕ್ಕ ಭಾವನ ಮದುವೆ ವಾರ್ಷಿಕೋತ್ಸವಕ್ಕೆ ಒಂದು ಕಾರ್ಡ್ ಮಾಡಿದೆ. ನುಣ್ಣಗೆ ರುಬ್ಬಿಕೊಳ್ಳದ ಒಂದು ಚೂರು ಕಾರ್ಡಿನ ನಟ್ಟನಡುವೆ ಉಳಿದುಬಿಟ್ಟಿತ್ತು. ಕರೆಂಟ್ ಬಿಲ್ಲಿನದು. ಸ್ಪಷ್ಟವಾಗಿ ಓದಬಹುದಾಗಿತ್ತು: "ಹಿಂದಿನ ಬಾಕಿ."

ಭಾವ ಫೋನ್ ಮಾಡಿದರು. "ಇಷ್ಟು ಅರ್ಥಪೂರ್ಣ ಕಾರ್ಡ್ ಯಾರೂ ಕೊಟ್ಟಿರಲಿಲ್ಲಮ್ಮ" ಅಂದರು. ಹಿಂದೆ ಅಕ್ಕ ನಗುವುದು ಕೇಳಿಸುತ್ತಿತ್ತು, ಸದ್ಯ.

ಇಷ್ಟರ ಮಧ್ಯೆ ಒಂದು ನೋಟ್‌ಬುಕ್ ಮಾತ್ರ ಎಲ್ಲ ರೀತಿಯಲ್ಲೂ ಸರಿಯಾಗಿ ಬಂತು. ನಾರು ನೇರ, ಮೂಲೆ ಚೌಕ, ರಟ್ಟು ಚಪ್ಪಟೆ, ಪುಟ ತೆರೆದರೆ ಮಲಗುತ್ತದೆ. ನಾನೇ ಎರಡು ಸಲ ತೆರೆದು ಮುಚ್ಚಿ ನೋಡಿದೆ. ಮೇಲಿನ ಮನೆಯವರು ಬಂದಾಗ ಅದು ಟೀಪಾಯಿಯ ಮೇಲೆ ಎದ್ದು ಕಾಣುವ ಹಾಗೆ ಇಟ್ಟಿದ್ದೆ.

"ಇದು ಕೊಂಡಿದ್ದು, ಅಲ್ವಾ?" ಅಂತ ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಕೆಳಗಿದ್ದ ಡಂಬೆಲ್ ನೋಟ್‌ಬುಕ್ ಕೈಗೆ ಬಂತು. ವೃತ್ತದ ಮೇಲೆ ಬೆರಳಾಡಿಸಿದರು. "ಎಷ್ಟು ಚೆಂದ ಎಂಬಾಸಿಂಗ್ ಮಾಡಿದ್ದೀರಿ ರೀ! ಮಗಳ ಗೆಳತಿಯರಿಗೆ ಕೊಡೋಕೆ ಇಂಥದ್ದೇ ಹನ್ನೆರಡು ಮಾಡಿಕೊಡಿ. ಎಲ್ಲದರಲ್ಲೂ ಈ ರೌಂಡು ಇಲ್ಲೇ ಬರಬೇಕು, ಆಯ್ತಾ?"

ಹೂಂ ಅಂದುಬಿಟ್ಟೆ. ಈಗ ಮೂಲೆಯಿಂದ ಅಳತೆ ಹಿಡಿದು, ಪೆನ್ಸಿಲ್ ಗುರುತು ಹಾಕಿ, ರಟ್ಟನ್ನು ಹದವಾಗಿ ಒದ್ದೆ ಮಾಡಿ ಡಂಬೆಲ್ ನಿಲ್ಲಿಸುತ್ತೇನೆ. ಬೆಳಿಗ್ಗೆ ನೋಡಿದರೆ ರಟ್ಟು ನುಣ್ಣಗೆ ಚಪ್ಪಟೆಯಾಗಿರುತ್ತದೆ, ಒಂದು ಗೀರೂ ಇಲ್ಲ. ಇನ್ನೂ ಭಾರದ್ದು ಬೇಕೇನೋ ಅಂತ ನನ್ನವರೇ ಸಲಹೆ ಕೊಟ್ಟು, ತಮ್ಮ ದೊಡ್ಡ ಜೋಡಿಯನ್ನೂ ತಂದು ಇಟ್ಟಿದ್ದಾರೆ. ಹನ್ನೆರಡೂ ಮುಗಿಯುವ ತನಕ ವಾಪಸ್ ಕೊಡುವ ಅವಸರ ಏನಿಲ್ಲವಂತೆ. ಬೆಳಿಗ್ಗೆ ಎಂಟಾದರೂ ಆರಾಮಾಗಿ ಮಲಗಿರುತ್ತಾರೆ.