ಆ ಗ್ರಾಂ ಯಾರದ್ದು ಸ್ವಾಮಿ?

ಈಗಷ್ಟೇ ಒಂದು ವಿಡಿಯೊ ನೋಡಿದೆ. ವಾಯುನೌಕೆಯ (ಅನಿಲ ತುಂಬಿ ಹಾರಿಸುವ ಉದ್ದನೆಯ ಬಲೂನು ಹಡಗು) ಮಾದರಿಯನ್ನು ವಿಂಡ್ ಟನಲ್, ಅಂದರೆ ಗಾಳಿ ಹಾಯಿಸುವ ಸುರಂಗದಲ್ಲಿ ಎರಡು ತಂತಿಯಿಂದ ನೇತುಹಾಕಿ, ಗಾಳಿ ಬಿಟ್ಟು, ತಕ್ಕಡಿ ತೋರಿಸಿದ ಅಂಕಿಯನ್ನೇ ‘ಇದೇ ಡ್ರ್ಯಾಗ್’, ಅಂದರೆ ನೌಕೆಯನ್ನು ಗಾಳಿ ಹಿಂದಕ್ಕೆಳೆಯುವ ಎಳೆತ, ಅಂದುಬಿಟ್ಟರು. ಮೂರು ನಿಮಿಷದಲ್ಲಿ ಕಥೆ ಮುಗೀತು!

ಲೆಕ್ಕ ಹಾಕಿ. ಮಾದರಿ 1 ಮೀಟರ್ ಉದ್ದ, 20 ಸೆಂ.ಮೀ. ದಪ್ಪ, ಗಾಳಿ ಸೆಕೆಂಡಿಗೆ 20 ಮೀಟರ್. ಆಕಾರ ಚೆನ್ನಾಗಿದ್ದರೆ ಎಳೆತ ಸುಮಾರು 45 ಗ್ರಾಂ ತೂಕದಷ್ಟು. ಈಗ ತಂತಿಗೆ ಬನ್ನಿ. ಅರ್ಧ ಮಿ.ಮೀ. ದಪ್ಪದ ತಂತಿ 1 ಮೀಟರ್ ಉದ್ದ ಗಾಳಿಗೆ ಒಡ್ಡಿಕೊಂಡಿದ್ದರೆ ಅದೊಂದಕ್ಕೇ ಹತ್ತಿರಹತ್ತಿರ 14 ಗ್ರಾಂ. ಎರಡಕ್ಕೆ 28. ಅಸಲಿನ ಅರ್ಧಕ್ಕಿಂತ ಹೆಚ್ಚು ಬಡ್ಡಿ! ದುಂಡು ತಂತಿಯ ಬೆನ್ನಿಗೆ ಗಾಳಿ ಅಂಟಿಕೊಳ್ಳದೆ ಸುಳಿಯಾಗುತ್ತೆ, ಅದಕ್ಕೇ ಈ ದಂಡ. ಇದನ್ನು ಕಳೆಯಬೇಕಾದರೆ ಮಾದರಿಯನ್ನು ಅದೇ ಜಾಗದಲ್ಲಿ ಬೇರೆ ಆಸರೆ ಮೇಲೆ ನಿಲ್ಲಿಸಿ, ತಂತಿಯನ್ನು ತಾಗಿಸದೆ, ತಂತಿಯ ಎಳೆತವನ್ನಷ್ಟೇ ಅಳೆಯಬೇಕು.

ಇನ್ನೊಬ್ಬ ಕಳ್ಳ ಕಣ್ಣಿಗೇ ಕಾಣಲ್ಲ. ಟನಲ್ ಗೋಡೆಗೆ ತಾಗಿದ ಮಂದಗಾಳಿಯ ಪದರ ಮುಂದೆ ಹೋದಂತೆ ದಪ್ಪಗಾಗುತ್ತೆ. ನಡುವಿನ ಗಾಳಿಗೆ ಜಾಗ ಕಿರಿದಾಗಿ ವೇಗ ಏರುತ್ತೆ, ಒತ್ತಡ ಇಳಿಯುತ್ತೆ. ಮೂತಿಯ ಕಡೆ ಒತ್ತಡ ಜಾಸ್ತಿ, ಬಾಲದ ಕಡೆ ಕಮ್ಮಿ. ಅಂಗಡಿಯವನು ತಕ್ಕಡಿ ಮೇಲೆ ಬೆರಳಿಟ್ಟ ಹಾಗೆ ಮಾದರಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತೆ. ಚಲನ ಒತ್ತಡದ (ಗಾಳಿಯ ವೇಗದಿಂದ ಹುಟ್ಟುವ ಒತ್ತಡ) 2% ಮಾತ್ರ ಒಂದು ಮೀಟರಿನಲ್ಲಿ ಇಳಿದರೂ 10 ಗ್ರಾಂ ಸೇರಿತು. ತೆಳು ರೆಕ್ಕೆಗೆ ಇದು ಲೆಕ್ಕಕ್ಕಿಲ್ಲ. ಹೊಟ್ಟೆ ದೊಡ್ಡದು, ಎಳೆತ ಚಿಕ್ಕದು ಅನ್ನುವ ವಾಯುನೌಕೆಗೇ ಈ ಪೆಟ್ಟು. ಖಾಲಿ ಟನಲ್‌ನ ನಡುಗೆರೆಯುದ್ದಕ್ಕೂ ಒತ್ತಡ ಅಳೆದು, ಮೀಟರಿಗೆ ಎಷ್ಟು ಇಳಿಯಿತೋ ಅದನ್ನು ಮಾದರಿಯ ಘನ ಅಳತೆಗೆ ಗುಣಿಸಿ ಕಳೆಯಬೇಕು.

ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟ್ಲ್ ತಮ್ಮ ಮೊದಲ ಟನಲ್ ಕಟ್ಟಿದ್ದೇ ವಾಯುನೌಕೆಗೆ. ಅಲ್ಲಿ ಅವರ ಶಿಷ್ಯ ಫುರ್ಮನ್ ತೆಳು ತಾಮ್ರದ ಟೊಳ್ಳು ಮಾದರಿಗಳಿಗೆ ಸಣ್ಣ ರಂಧ್ರ ಕೊರೆದು ಮೈಮೇಲಿನ ಒತ್ತಡ ಅಳೆದರು. ಒತ್ತಡದ ಪಾಲನ್ನು ಒಟ್ಟು ಎಳೆತದಿಂದ ಕಳೆದು ಉಳಿದದ್ದನ್ನು ಘರ್ಷಣೆ ಅಂದರು. ಇದಪ್ಪಾ ಪರೀಕ್ಷೆ ಅಂದ್ರೆ! ಅಷ್ಟಾದರೂ ಬರೀ ಗೋಳದ ಎಳೆತದಲ್ಲಿ ಪ್ಯಾರಿಸ್‌ನ ಗೋಪುರ ಕಟ್ಟಿದ ಐಫೆಲ್ ಅವರ ಅಳತೆಗೂ ಗಟಿಂಗೆನ್‌ನವರ ಅಳತೆಗೂ ದುಪ್ಪಟ್ಟು ವ್ಯತ್ಯಾಸ ಬಂತು. 1914ರಲ್ಲಿ ಪ್ರಾಂಟ್ಲ್ ಗೋಳಕ್ಕೆ ತೆಳು ತಂತಿಯ ಬಳೆ ತೊಡಿಸಿದರು, ಎಳೆತ ಇಳಿಯಿತು! ಬಳೆ ಮೈಗಂಟಿದ ಪದರವನ್ನು ಕದಡಿತ್ತು. ಕದಡಿದ ಪದರ ಇನ್ನಷ್ಟು ಹಿಂದಿನವರೆಗೆ ಅಂಟಿಕೊಂಡಿತ್ತು. ವೇಗ, ಗಾತ್ರ ಬದಲಾದರೂ ಪದರ ಹೀಗೇ ಬದಲಾಗುತ್ತೆ; ಚಿಕ್ಕ ಮಾದರಿಯ ಅಂಕಿ ದೊಡ್ಡ ನೌಕೆಗೆ ಹಾಗೇ ಹೊಂದಲ್ಲ.

‘ಗಾಳಿ ಜೋರು ಮಾಡಿದರಾಯ್ತಲ್ಲ’ ಅನ್ನೋರು ಇದ್ದಾರೆ. 200 ಮೀಟರಿನ ನೌಕೆ ಸೆಕೆಂಡಿಗೆ 30 ಮೀಟರ್ ಹಾರುವುದಕ್ಕೆ ಸರಿಸಾಟಿಯಾಗಲು ಉದ್ದ ಗುಣಿಸು ವೇಗ ಎರಡಕ್ಕೂ ಒಂದೇ ಆಗಬೇಕು, ಅಂದರೆ 1 ಮೀಟರಿನ ಈ ಮಾದರಿಗೆ ಸೆಕೆಂಡಿಗೆ 6000 ಮೀಟರ್ ಗಾಳಿ ಬೇಕು. ಶಬ್ದದ ವೇಗವೇ 340! ಗಾಳಿ ದಟ್ಟವಾದರೆ ಅಷ್ಟು ವೇಗ ಬೇಡ. ಅದಕ್ಕೇ ಪ್ರಾಂಟ್ಲ್ ಶಿಷ್ಯ ಮಂಕ್ ಅವರ ಯೋಜನೆಯಂತೆ ಅಮೆರಿಕದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಟನಲ್ಲನ್ನೇ ಉಕ್ಕಿನ ಟ್ಯಾಂಕಿನೊಳಗಿಟ್ಟು ಗಾಳಿಯನ್ನು 20 ಪಟ್ಟು ಒತ್ತಿದರು. ಆಗಲೂ ಪೂರ್ತಿ ಮುಟ್ಟಲಿಲ್ಲ.

ನಿಜ ಹೇಳಲಾ, ಇಂಥ ವಿಡಿಯೊಗಳಲ್ಲಿ ಗಾಳಿಯ ದಾರಿ ತೋರಿಸುವ ಹೊಗೆಯ ಗೆರೆ ನೋಡೋಕೆ ನನಗೂ ಇಷ್ಟವೇ. ಅಂಕಿ ಹೇಳಿದರೇ ಮೈ ಉರಿಯೋದು. ವಿಡಿಯೊ ಕೆಳಗೆ ತಂತಿ ದಪ್ಪ ಎಷ್ಟು ಅಂತ ಕೇಳಿದೆ. ಹಾರ್ಟ್ ಒತ್ತಿದ್ದಾರೆ.